ಎಡಗೈಗೆ ಸ್ವರ, ಬಲಗೈಗೆ ಕಾಲ: ನೋಟೇಶನ್ ಟೈಪ್ ಮಾಡಲು ಶಾರ್ಟ್‌ಕಟ್ ಆರಿಸುವ ಬಗೆ

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಸಣ್ಣ ಹಾಡಿನ ಗುಂಪು. ಏಳೆಂಟು ಜನ ಇದ್ದೇವೆ. ಭಾನುವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರಿ ಭಾವಗೀತೆ, ದಾಸರ ಪದ ಹಾಡುತ್ತೇವೆ, ವರ್ಷಕ್ಕೆ ಎರಡು ಮೂರು ಸಲ ಮಾಟುಂಗಾದಲ್ಲೋ ಮಾಹಿಮ್‌ನಲ್ಲೋ ವೇದಿಕೆ ಸಿಗುತ್ತದೆ. ಹಾಡುವವರಿಗೆ ಸಾಹಿತ್ಯದ ಚೀಟಿ ಸಾಕು. ತಬಲಾದವರಿಗೆ ದಾದ್ರಾ, ಕೆಹರ್ವಾ ಅಂತ ತಾಳದ ಹೆಸರು ಹೇಳಿದರೆ ಸಾಕು. ತೊಂದರೆ ಇರುವುದು ವಯೊಲಿನ್ ಅಂಕಲ್ ಹತ್ತಿರ. ಅವರು ಗೋವಾದವರು, ಚಿಕ್ಕಂದಿನಲ್ಲಿ ಚರ್ಚ್‌ನಲ್ಲಿ ಕಲಿತವರು, ಐದು ಗೆರೆಯ ಮೇಲೆ ಬರೆದದ್ದು ಏನೇ ಇದ್ದರೂ ಮೊದಲ ನೋಟದಲ್ಲೇ ನುಡಿಸುತ್ತಾರೆ, ಆದರೆ 'ಸ ರಿ ಗ' ಅಂತ ಬರೆದುಕೊಟ್ಟರೆ ಕನ್ನಡಕ ತೆಗೆದು ಒರೆಸಿಕೊಂಡು ಸುಮ್ನೆ ಕೂರುತ್ತಾರೆ.

ಮುಂಬಯಿಗೆ ಇದು ಹೊಸದೇನಲ್ಲ. ಇಲ್ಲಿನ ಸಿನಿಮಾ ಆರ್ಕೆಸ್ಟ್ರಾಗಳಿಗೆ ನೋಟೇಶನ್ ಬರೆದವರಲ್ಲಿ ಗೋವಾದವರದೇ ದೊಡ್ಡ ಪಾಲು. ಸೆಬಾಸ್ಟಿಯನ್ ಡಿಸೋಜ, ಆಂಥೊನಿ ಗೊನ್ಸಾಲ್ವಿಸ್ ಅಂಥವರು ಸಂಗೀತ ನಿರ್ದೇಶಕರು ಹಾಡಿ ತೋರಿಸಿದ್ದನ್ನು ಪೆನ್ನು ಕಾಗದದಲ್ಲಿ ಇಳಿಸುತ್ತಿದ್ದರು. ನಮ್ಮ ಗುಂಪಿನಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು, ಕಾರಣ ಇಷ್ಟೇ, ನನ್ನ ಹತ್ತಿರ ಲ್ಯಾಪ್‌ಟಾಪ್ ಇತ್ತು.

ಮೊದಲ ಹಾಡನ್ನು ಮೌಸ್‌ನಲ್ಲೇ ಹಾಕಿದೆ. ಒಂದೊಂದು ಸ್ವರಕ್ಕೂ ಮೇಲೆ ಹೋಗಿ ಕಾಲ (ಸ್ವರ ಎಷ್ಟು ಉದ್ದ ಅನ್ನುವುದು) ಆರಿಸು, ಕೆಳಗೆ ಬಂದು ಗೆರೆ ಹುಡುಕು, ಕ್ಲಿಕ್ ಮಾಡು, ತಪ್ಪು ಗೆರೆಯಲ್ಲಿ ಬಿತ್ತು ಅಂತ ಅಳಿಸು. ಗುರುವಾರ ರಾತ್ರಿ ಕೂತವನು ಶನಿವಾರ ರಾತ್ರಿ ಎದ್ದೆ. ಈಗ ಅದೇ ಅಳತೆಯ ಹಾಡು ರಾತ್ರಿ ಊಟ ಆಗಿ ಮಲಗುವುದರೊಳಗೆ ಮುಗಿಯುತ್ತದೆ. ಹಾಗಂತ ನಾನೇನೂ ನೂರು ಶಾರ್ಟ್‌ಕಟ್ ಬಾಯಿಪಾಠ ಮಾಡಿಲ್ಲ. ಹತ್ತು ಹನ್ನೆರಡು ಇರಬಹುದು, ಅಷ್ಟೇ. ಅವು ಯಾವುವು ಅಂತ ಆರಿಸಿಕೊಳ್ಳುವುದೇ ಕೆಲಸ.

ನಾನು ಬಳಸುವುದು ಮ್ಯೂಸ್‌ಸ್ಕೋರ್ ಅನ್ನುವ ನೋಟೇಶನ್ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ನಮ್ಮಂಥವರಿಗೆ ಧಾರಾಳ ಸಾಕು. ಉದಾಹರಣೆಗಳೆಲ್ಲ ಅದರದ್ದೇ. ಡೊರಿಕೋ, ಸಿಬೇಲಿಯಸ್‌ನಂಥ ಬೇರೆ ಸಾಫ್ಟ್‌ವೇರ್ ಬಳಸುವವರು ಅಂಕಿಗಳನ್ನು ಬದಲಿಸಿಕೊಂಡು ಓದಿ, ವಿಚಾರ ಒಂದೇ.

ಎಲ್ಲರೂ ಮೊದಲು ಮಾಡುವ ತಪ್ಪು, ಶಾರ್ಟ್‌ಕಟ್ ಪಟ್ಟಿಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುವುದು. ನಾನೂ ಅಂಟಿಸಿದ್ದೆ. ಅದನ್ನು ನೋಡಲು ತಲೆ ಎತ್ತಿದ ಪ್ರತಿ ಸಲವೂ ಹಾಡಿನ ಎಳೆ ತಪ್ಪುತ್ತಿತ್ತು. ಆ ಪಟ್ಟಿ ಎಲ್ಲರಿಗೂ ಅಂತ ಮಾಡಿದ್ದು. ಪಿಯಾನೋಗೆ ಎರಡು ಕೈಯ ಭಾಗ ಬರೆಯುವವನಿಗೆ, ಬ್ಯಾಂಡಿಗೆ ಬರೆಯುವವನಿಗೆ, ಗಿಟಾರ್ ಟ್ಯಾಬ್ ಹಾಕುವವನಿಗೆ, ಎಲ್ಲರಿಗೂ ಬೇಕಾದದ್ದು ಅದರಲ್ಲಿದೆ. ನಮಗೆ ಬೇಕಾದದ್ದು ಒಂದೇ ಸಾಲಿನ ಹಾಡು, ಕೆಳಗೆ ಸಾಹಿತ್ಯ.

ಹಾಗಾಗಿ ಮೊದಲು ಎಣಿಸಿ. ನೀವು ಈಗಾಗಲೇ ಕಾಗದದ ಮೇಲೆ ಬರೆದ ಒಂದು ಹಾಡು ತಗೊಳ್ಳಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಕಿರಾಣಿ ಅಂಗಡಿಯವರು ಗೀಟು ಹಾಕುತ್ತಿದ್ದ ಹಾಗೆ, ಪ್ರತಿ ಸ್ವರಕ್ಕೂ ಏನೇನು ಮಾಡಬೇಕಾಗುತ್ತದೆ ಅಂತ ಗೀಟು ಹಾಕುತ್ತಾ ಹೋಗಿ: ಎಷ್ಟು ಸಲ ಕಾಲ ಬದಲಾಯಿತು, ಯಾವುದರಿಂದ ಯಾವುದಕ್ಕೆ, ಎಷ್ಟು ಸಲ ಸ್ಥಾಯಿ ಬದಲಿಸಬೇಕಾಯಿತು, ಕೋಮಲ (ಇಳಿಸಿದ ಸ್ವರ) ಎಷ್ಟು, ತೀವ್ರ (ಏರಿಸಿದ ಸ್ವರ) ಎಷ್ಟು, ವಿರಾಮ ಎಷ್ಟು, ಒಂದು ಬಾರ್‌ನಿಂದ (ನಿಂತ ಗೆರೆ ಹಾಕಿ ಬೇರ್ಪಡಿಸಿದ ತಾಳದ ಮನೆ) ಇನ್ನೊಂದಕ್ಕೆ ಎಳೆದ ಸ್ವರ ಎಷ್ಟು. ಅರ್ಧ ಗಂಟೆಯ ಕೆಲಸ. ನನ್ನ ಹಾಳೆಯಲ್ಲಿ ಗೀಟು ಗುಂಪು ಕಟ್ಟಿದ್ದು ಮೂರೇ ಕಡೆ. ಎಂಟನೇ ಭಾಗದ ಸ್ವರ (ಕ್ವೇವರ್), ಕಾಲು ಭಾಗದ ಸ್ವರ (ಕ್ರಾಚೆಟ್), ಸ್ಥಾಯಿ ಬದಲಾವಣೆ. ಮೊದಲೆರಡು ಗೊತ್ತಿದ್ದದ್ದೇ. ಕೆಹರ್ವಾವನ್ನು ನಾಲ್ಕರ ಬಾರ್‌ನಲ್ಲಿ ಬರೆದರೆ ಎಂಟು ಮಾತ್ರೆಗೆ ಎಂಟು ಕ್ವೇವರ್, ದಾದ್ರಾವನ್ನು ಆರು-ಎಂಟರಲ್ಲಿ ಬರೆದರೆ ಆರು ಕ್ವೇವರ್, ಅಲ್ವಾ. ಮೂರನೆಯದನ್ನು ನಾನು ಊಹಿಸಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರಿನ ಗೊಂದಲವನ್ನೂ ಇಲ್ಲೇ ಮುಗಿಸಿಬಿಡೋಣ. ಗೋವಾ, ಮುಂಬಯಿಯಲ್ಲಿ ಪಾಶ್ಚಾತ್ಯ ಸಂಗೀತ ಕಲಿತವರು ಬ್ರಿಟಿಷರ ಹೆಸರು ಹೇಳುತ್ತಾರೆ, ಕ್ರಾಚೆಟ್, ಕ್ವೇವರ್, ಮಿನಿಮ್ ಅಂತ. ಸಾಫ್ಟ್‌ವೇರ್ ಅಮೆರಿಕದ ಲೆಕ್ಕದಲ್ಲಿ ಕ್ವಾರ್ಟರ್, ಏಯ್ತ್, ಹಾಫ್ ಅನ್ನುತ್ತದೆ. ಕ್ರಾಚೆಟ್ ಅಂದರೆ ಕ್ವಾರ್ಟರ್, ಕ್ವೇವರ್ ಅಂದರೆ ಏಯ್ತ್, ಮಿನಿಮ್ ಅಂದರೆ ಹಾಫ್, ಸೆಮಿಕ್ವೇವರ್ ಅಂದರೆ ಕ್ವೇವರ್‌ನ ಅರ್ಧ. ಅಂಕಲ್ ಬಾಯಲ್ಲಿ ಕ್ವೇವರ್ ಬರುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಈಗ ಕೀಬೋರ್ಡ್ ಮುಂದೆ ಬನ್ನಿ. ಎ, ಬಿ, ಸಿ, ಡಿ, ಇ, ಎಫ್, ಜಿ ಎಲ್ಲಿವೆ ನೋಡಿ. ಏಳೂ ಎಡಗಡೆಯೇ ಇವೆ! ಟೈಪ್‌ರೈಟರ್ ಮಾಡಿದವರು ಸಂಗೀತದ ಯೋಚನೆಯಲ್ಲಿ ಹಾಗೆ ಇಟ್ಟದ್ದಲ್ಲ, ನಮ್ಮ ಅದೃಷ್ಟ. ಇನ್ನೂ ಚೆಂದದ ವಿಷಯ ಅಂದರೆ ಸಿ, ಡಿ, ಇ ಮೂರೂ ಒಂದರ ಮೇಲೊಂದು ನಿಂತಿವೆ. ಕೆಳಗಿನ ಸಾಲಿನಲ್ಲಿ ಸಿ, ನಡುವೆ ಡಿ, ಮೇಲೆ ಇ. ಸಿ ಅನ್ನು ಷಡ್ಜ ಅಂದುಕೊಂಡರೆ ಸ, ರಿ, ಗ ಅಂತ ಒಂದೇ ಬೆರಳು ಮೆಟ್ಟಿಲು ಹತ್ತಿ ಹೋಗುತ್ತದೆ. ಆಮೇಲೆ ಎಫ್, ಜಿ ಅಕ್ಕಪಕ್ಕ, ಮ ಪ. ಎ ಮಾತ್ರ ಎಡತುದಿಯಲ್ಲಿ ಕಿರುಬೆರಳಿಗೆ, ಬಿ ಬಲಕ್ಕೆ ಕೆಳಗೆ ತೋರುಬೆರಳಿಗೆ. ದ ಮತ್ತು ನಿ ದೂರವಾದವು ಅಂತ ಮೊದಲ ವಾರ ಬೈದುಕೊಂಡೆ, ಆಮೇಲೆ ಬೆರಳಿಗೆ ಒಗ್ಗಿತು.

ಅಂದರೆ ಸ್ವರದ ಕೆಲಸ ಪೂರ್ತಿ ಎಡಗೈಯದ್ದು. ಬಲಗೈ ಖಾಲಿ. ಕಾಲ ಆರಿಸುವ ಕೆಲಸವನ್ನು ಬಲಗೈಗೆ ಕೊಡುವುದು ನ್ಯಾಯ. ಕೀಬೋರ್ಡಿನ ಬಲಕ್ಕೆ ಬೇರೆ ನಂಬರ್ ಪ್ಯಾಡ್ ಇದ್ದರೆ ಇದು ತಾನಾಗಿಯೇ ಆಗುತ್ತದೆ. ಸಿಬೇಲಿಯಸ್ ಅನ್ನು ಆ ಲೆಕ್ಕದಲ್ಲೇ ಮಾಡಿದ್ದಾರೆ, ಅಲ್ಲಿ ಪ್ಯಾಡಿನ 3 ಒತ್ತಿದರೆ ಕ್ವೇವರ್, 4 ಒತ್ತಿದರೆ ಕ್ರಾಚೆಟ್, 5 ಮಿನಿಮ್. ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ಗೆಂದೇ ಅದರಲ್ಲಿ ಬೇರೆ ಶಾರ್ಟ್‌ಕಟ್ ಕಟ್ಟು ಇದೆ. ಮ್ಯೂಸ್‌ಸ್ಕೋರ್‌ನಲ್ಲಿ 3 ಸೆಮಿಕ್ವೇವರ್, 4 ಕ್ವೇವರ್, 5 ಕ್ರಾಚೆಟ್, 6 ಮಿನಿಮ್, 7 ಇಡೀ ಸ್ವರ. ಡೊರಿಕೋದಲ್ಲಿ ಒಂದು ಅಂಕಿ ಮುಂದೆ ಸರಿದು ಕ್ವೇವರ್ 5, ಕ್ರಾಚೆಟ್ 6 ಆಗುತ್ತದೆ. ಹಳೆಯ ಫಿನಾಲೆ ಸಾಫ್ಟ್‌ವೇರ್ ಬಳಸಿದವರಿಗೆ ಮ್ಯೂಸ್‌ಸ್ಕೋರ್ ಅಂಕಿ ಪರಿಚಿತ, ಏಕೆಂದರೆ ಅಲ್ಲಿಯೂ ಕ್ರಾಚೆಟ್‌ಗೆ 5 ಇತ್ತು. ಫಿನಾಲೆಯನ್ನು ಇನ್ನು ಮುಂದೆ ಬೆಳೆಸುವುದಿಲ್ಲ ಅಂತ ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಹೇಳಿದ ಮೇಲೆ ಬೇರೆಡೆಗೆ ಗುಳೆ ಹೊರಟವರು ಇದನ್ನು ಗಮನಿಸಿದರೆ ಒಳ್ಳೆಯದು. ಬೆರಳಿಗೆ ಹತ್ತಿದ ಅಂಕಿ ಬದಲಾದರೆ ತಲೆ ಕೆಡುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ಯಾಡ್ ಇಲ್ಲ. ಮೇಲಿನ ಸಾಲಿನ 3, 4, 5 ಇರುವುದು ಎಡಗೈಯ ತಲೆಯ ಮೇಲೆ. ಸ್ವರ ಹಾಕುತ್ತಿರುವ ಅದೇ ಕೈ ಮೇಲೆ ಹೋಗಿ ಕಾಲವನ್ನೂ ಆರಿಸಬೇಕು, ಬಲಗೈ ತೊಡೆಯ ಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತಿರುತ್ತದೆ. ಅತ್ತೆ ಸೊಸೆ ಇಬ್ಬರೂ ಇರುವ ಮನೆಯಲ್ಲಿ ಒಬ್ಬರೇ ಎಲ್ಲ ಪಾತ್ರೆ ತೊಳೆದ ಹಾಗೆ. ನಾನು ಬದಲಿಸಿದ್ದು ಇದನ್ನೇ.

ಬಲಗೈ ಬೆರಳುಗಳು ಸುಮ್ನೆ ಇಟ್ಟರೆ ಎಲ್ಲಿ ಕೂರುತ್ತವೋ ಅಲ್ಲಿಂದ ಶುರು ಮಾಡಿ. ಜೆ, ಕೆ, ಎಲ್, ಅರ್ಧವಿರಾಮದ ಕೀ. ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೀಟು ಬಿದ್ದದ್ದಕ್ಕೆ ತೋರುಬೆರಳು. ನನಗೆ ಜೆ ಅಂದರೆ ಕ್ವೇವರ್, ಕೆ ಅಂದರೆ ಕ್ರಾಚೆಟ್, ಎಲ್ ಅಂದರೆ ಮಿನಿಮ್, ಅರ್ಧವಿರಾಮ ಅಂದರೆ ಸ್ವರದ ಕಾಲವನ್ನು ಅರ್ಧದಷ್ಟು ಹೆಚ್ಚಿಸುವ ಚುಕ್ಕೆ. ಸೆಮಿಕ್ವೇವರ್ ತೋರುಬೆರಳಿನ ಮೇಲೆಯೇ ಇರುವ ಯು. ನಿಮ್ಮ ಎಣಿಕೆ ಬೇರೆ ಬಂದರೆ ಬೇರೆ ಥರ ಇಡಿ. ತಾನ್ (ವೇಗದ ಸ್ವರಗಳ ಸರಣಿ) ಬರೆಯುವವರಿಗೆ ಜೆ ಸೆಮಿಕ್ವೇವರ್‌ಗೇ ಹೋಗಬೇಕು.

ಬದಲಿಸುವುದು ಕಷ್ಟವಲ್ಲ. ಮ್ಯೂಸ್‌ಸ್ಕೋರ್‌ನಲ್ಲಿ ಎಡಿಟ್ ಮೆನು, ಪ್ರಿಫರೆನ್ಸಸ್, ಶಾರ್ಟ್‌ಕಟ್ಸ್. ಅಲ್ಲಿ ಹುಡುಕುವ ಜಾಗದಲ್ಲಿ ಬೇಕಾದ ಆಜ್ಞೆಯ ಹೆಸರು ಹಾಕಿ, ಅದನ್ನು ಆರಿಸಿ, ಡಿಫೈನ್ ಒತ್ತಿ, ಹೊಸ ಕೀ ಒತ್ತಿ, ಉಳಿಸಿ. ಆ ಕೀಗೆ ಆಗಲೇ ಒಬ್ಬ ಬಾಡಿಗೆದಾರ ಇದ್ದರೆ ಸಾಫ್ಟ್‌ವೇರ್ ಎಚ್ಚರಿಸುತ್ತದೆ. ಜೆ ಒತ್ತಿದಾಗ ನನಗೆ ಹಾಗೇ ಆಯಿತು. ಅಲ್ಲಿ ಒಂದೇ ಸ್ವರವನ್ನು ಸಿ ಶಾರ್ಪ್ (ಏರಿಸಿದ ಸಿ) ಅನ್ನುವುದೋ ಡಿ ಫ್ಲ್ಯಾಟ್ (ಇಳಿಸಿದ ಡಿ) ಅನ್ನುವುದೋ ಅಂತ ಬದಲಿಸುವ ಆಜ್ಞೆ ಕೂತಿತ್ತು. ಐ ಕೀಯಲ್ಲಿ ವಾದ್ಯಗಳ ಪಟ್ಟಿ ತೆರೆಯುವ ಆಜ್ಞೆ ಇತ್ತು. ಇಂಥ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಸ್ವರಕ್ಕೊಮ್ಮೆ ಬೇಕಾಗುವುದೋ, ಹಾಡಿಗೊಮ್ಮೆ ಬೇಕಾಗುವುದೋ? ವಾದ್ಯದ ಪಟ್ಟಿ ಹಾಡಿಗೊಮ್ಮೆ ಬೇಕು, ಕೆಲವೊಮ್ಮೆ ಅದೂ ಇಲ್ಲ. ಅದು ಮೆನುವಿನಲ್ಲೇ ಇರಲಿ, ಕೀ ಖಾಲಿ ಮಾಡಿಸಿ. ಜೆಯಲ್ಲಿದ್ದದ್ದು ಹಾಡು ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಕಡೆ ಬೇಕಾಗುವುದರಿಂದ ಅದಕ್ಕೆ ಕಂಟ್ರೋಲ್ ಸೇರಿಸಿದ ಬೇರೆ ಜಾಗ ಕೊಟ್ಟೆ.

ಕೆಲವನ್ನು ಮುಟ್ಟಲೇ ಬೇಡಿ. ಎನ್ ಒತ್ತಿದರೆ ಸ್ವರ ಹಾಕುವ ಸ್ಥಿತಿ ಶುರು, 0 ಒತ್ತಿದರೆ ವಿರಾಮ, ಟಿ ಒತ್ತಿದರೆ ಎರಡು ಸ್ವರವನ್ನು ಒಂದೇ ಎಳೆತವಾಗಿ ಜೋಡಿಸುವ ಟೈ, ಆರ್ ಒತ್ತಿದರೆ ಹಿಂದಿನದ್ದು ಇನ್ನೊಮ್ಮೆ. ಕಣಸ್ವರಕ್ಕೆ ಓರೆಗೆರೆಯ ಕೀ ಒತ್ತಿದರೆ ಚಿಕ್ಕ ಸ್ವರ ಪಕ್ಕದಲ್ಲಿ ಬಂದು ಕೂರುತ್ತದೆ. ಇವೆಲ್ಲ ಇದ್ದಲ್ಲೇ ಚೆನ್ನಾಗಿವೆ.

ಈಗ ಆ ಮೂರನೇ ಗೀಟಿನ ಗುಂಪು, ಸ್ಥಾಯಿ. ನೀವು ಅಕ್ಷರ ಒತ್ತಿದಾಗ ಅದು ಯಾವ ಸ್ಥಾಯಿಯದು ಅಂತ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ಹಿಂದಿನ ಸ್ವರಕ್ಕೆ ಯಾವುದು ಹತ್ತಿರವೋ ಅದನ್ನು ಹಾಕುತ್ತದೆ. ಮೇಲೆ ಕೆಳಗೆ ಒಂದೊಂದೇ ಹೆಜ್ಜೆ ಇಡುವ ಹಾಡಿಗೆ ಇದು ಸರಿ. ಆದರೆ ಸ ಆದ ಮೇಲೆ ಪ ಹಾಕಿ ನೋಡಿ. ಸ ಇಂದ ಮೇಲಿನ ಪ ನಾಲ್ಕು ಹೆಜ್ಜೆ, ಕೆಳಗಿನ ಮಂದ್ರದ ಪ ಮೂರೇ ಹೆಜ್ಜೆ. ಅದು ಮಂದ್ರಕ್ಕೆ ಬೀಳುತ್ತದೆ. ಸ ಇಂದ ಪಕ್ಕೆ ಹಾರದೇ ಇರುವ ಹಾಡು ನಮ್ಮಲ್ಲಿ ಎಷ್ಟಿವೆ ಹೇಳಿ? ಪ್ರತಿ ಸಲ ಕಂಟ್ರೋಲ್ ಹಿಡಿದು ಮೇಲಿನ ಬಾಣ ಒತ್ತಿ ಎತ್ತಬೇಕು. ಎತ್ತಲು ಮರೆತರೆ ಅದರ ಮುಂದಿನ ಸ್ವರಗಳೂ ಮಂದ್ರದ ಸುತ್ತಲೇ ಬೀಳುತ್ತವೆ, ನಾಲ್ಕು ಬಾರ್ ಆದ ಮೇಲೆ ತಲೆ ಎತ್ತಿ ನೋಡಿದರೆ ಇಡೀ ಅಂತರಾ (ಹಾಡಿನ ಚರಣ) ಗೆರೆಗಳ ಕೆಳಗೆ ನೇತಾಡುತ್ತಿರುತ್ತದೆ. ಇದೇ ಜಿಗಿತ ಇಳಿಯುವಾಗಲೂ ತಿರುವುಮುರುವಾಗಿ ಕಾಡುತ್ತದೆ. ಪ ಇಂದ ಸ ಅಂದರೆ ಅದು ತಾರದ ಸ ಹತ್ತಿರ ಅಂತ ಮೇಲಕ್ಕೆ ಒಯ್ಯುತ್ತದೆ.

ಕಂಟ್ರೋಲ್ ಮತ್ತು ಬಾಣ ಅಂದರೆ ಎರಡೂ ಕೈ ಜಾಗ ಬಿಟ್ಟು ಏಳಬೇಕು. ಅದಕ್ಕೇ ಐ ಕೀಯನ್ನು ಖಾಲಿ ಮಾಡಿಸಿದ್ದು. ನನಗೆ ಐ ಅಂದರೆ ಒಂದು ಸ್ಥಾಯಿ ಮೇಲೆ, ಅದರ ನೇರ ಕೆಳಗಿನ ಅಲ್ಪವಿರಾಮದ ಕೀ ಅಂದರೆ ಒಂದು ಸ್ಥಾಯಿ ಕೆಳಗೆ. ಒಂದೇ ನಡುಬೆರಳು ಮೇಲೆ ಹೋದರೆ ಸ್ವರ ಮೇಲೆ, ಕೆಳಗೆ ಬಂದರೆ ಸ್ವರ ಕೆಳಗೆ. ಯೋಚನೆಯೇ ಬೇಡ. ನಾನು ಮಾಡಿದ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಸಮಯ ಉಳಿಸಿದ್ದು ಇದು. ಕಾಲದ ಕೀ ಬದಲಿಸಲು ಮನಸ್ಸಿಲ್ಲದವರು ಇದೊಂದನ್ನಾದರೂ ಮಾಡಿಕೊಳ್ಳಿ.

ಕೋಮಲ, ತೀವ್ರದ ವಿಷಯಕ್ಕೆ ಬಂದರೆ, ಇಲ್ಲಿ ಕೀಗಿಂತ ಯುಕ್ತಿ ದೊಡ್ಡದು. ನಮ್ಮ ಅಕ್ಕ, ಗುಂಪಿನ ಹಿರಿಯ ಗಾಯಕಿ, ಹಾಡುವುದು ಕಾಳಿ ಏಕ್‌ನಲ್ಲಿ. ಅಂದರೆ ಪೇಟಿಯ (ಹಾರ್ಮೋನಿಯಂನ) ಮೊದಲ ಕಪ್ಪು ಮನೆ, ಸಿ ಶಾರ್ಪ್. ಮೊದಮೊದಲು ಅದೇ ಶ್ರುತಿಯಲ್ಲಿ ಟೈಪ್ ಮಾಡಲು ಹೋಗಿ ಪ್ರತಿ ಸ್ವರಕ್ಕೂ ತಲೆಯಲ್ಲಿ ಲೆಕ್ಕ ಹಾಕುತ್ತಿದ್ದೆ. ಬೇಡವೇ ಬೇಡ. ಯಾರ ಶ್ರುತಿ ಏನೇ ಇರಲಿ, ಸಿ ಅನ್ನು ಸ ಅಂದುಕೊಂಡು ಇಡೀ ಹಾಡು ಹಾಕಿ. ಕೊನೆಯಲ್ಲಿ ಟೂಲ್ಸ್ ಮೆನುವಿನ ಟ್ರಾನ್ಸ್‌ಪೋಸ್ ಒಂದೇ ಸಲಕ್ಕೆ ಎಲ್ಲವನ್ನೂ ಬೇಕಾದ ಶ್ರುತಿಗೆ ಎತ್ತಿ ಇಡುತ್ತದೆ. ಎತ್ತುವಾಗ ಮಾತ್ರ ಎಚ್ಚರ: ಕಾಳಿ ಏಕ್ ಅನ್ನು ಸಿ ಶಾರ್ಪ್ ಅಂದರೆ ಏಳು ಶಾರ್ಪ್ ಬರುತ್ತವೆ, ಡಿ ಫ್ಲ್ಯಾಟ್ ಅಂದರೆ ಐದು ಫ್ಲ್ಯಾಟ್. ನುಡಿಸುವವರ ಮೇಲೆ ಕರುಣೆ ಇದ್ದರೆ ಡಿ ಫ್ಲ್ಯಾಟ್ ಆರಿಸಿ.

ಸಿಯಲ್ಲಿ ಬರೆಯುವುದರಿಂದ ಇನ್ನೊಂದು ಲಾಭ. ಹಿಂದೂಸ್ತಾನಿಯಲ್ಲಿ ರಿ ಗ ದ ನಿ ಈ ನಾಲ್ಕಕ್ಕೆ ಕೋಮಲ, ಮ ಒಂದಕ್ಕೆ ಮಾತ್ರ ತೀವ್ರ. ಇದೇ ಮುಂಬಯಿಯ ವಾಲ್ಕೇಶ್ವರದಲ್ಲಿ 1860ರಲ್ಲಿ ಹುಟ್ಟಿದ ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಪದ್ಧತಿಯಲ್ಲಿ ಬರೆದು ರೂಢಿ ಇದ್ದವರಿಗೆ ಇದು ಕಣ್ಣಿಗೆ ಕಟ್ಟಿದ ಹಾಗಿರುತ್ತದೆ, ಕೋಮಲಕ್ಕೆ ಸ್ವರದ ಕೆಳಗೊಂದು ಅಡ್ಡಗೆರೆ, ತೀವ್ರ ಮಕ್ಕೆ ತಲೆಯ ಮೇಲೊಂದು ನಿಂತ ಗೆರೆ. ಹಾಗಾಗಿ ಫ್ಲ್ಯಾಟ್ ಕೀ ಹತ್ತಿರ ಬೇಕು, ಶಾರ್ಪ್ ದೂರ ಇದ್ದರೂ ನಡೆಯುತ್ತದೆ. ಮ್ಯೂಸ್‌ಸ್ಕೋರ್ 4ರಲ್ಲಿ ಫ್ಲ್ಯಾಟ್‌ಗೆ ಮೈನಸ್, ಶಾರ್ಪ್‌ಗೆ ಪ್ಲಸ್. ಮೈನಸ್ ನೇರವಾಗಿ ಸಿಗುತ್ತದೆ, ಪ್ಲಸ್‌ಗೆ ಶಿಫ್ಟ್ ಹಿಡಿಯಬೇಕು. ನಮಗೆ ಬೇಕಾದ ಹಾಗೇ ಇದೆ, ಬದಲಿಸಬೇಡಿ. ಕರ್ನಾಟಕ ಪದ್ಧತಿಯವರಿಗೆ ಷಟ್‌ಶ್ರುತಿ ರಿಷಭವೋ ಧೈವತವೋ ಬಂದಾಗ ಮಾತ್ರ ಶಾರ್ಪ್ ಜಾಸ್ತಿ ಬೇಕಾಗುತ್ತದೆ.

ಅದಕ್ಕಿಂತ ಒಳ್ಳೆಯದು, ಕೋಮಲದ ಕೀ ಒತ್ತದೇ ಇರುವುದು. ಅಕ್ಷರ ಒತ್ತಿದಾಗ ಸಾಫ್ಟ್‌ವೇರ್ ಕೀ ಸಿಗ್ನೇಚರ್ (ಸಾಲಿನ ಮೊದಲಿಗೆ ಇಡುವ ಶಾರ್ಪ್, ಫ್ಲ್ಯಾಟ್ ಗುರುತು) ನೋಡಿ ಸ್ವರ ಹಾಕುತ್ತದೆ. ಯಮನ್ ರಾಗದ ಹಾಡು ಅಂದುಕೊಳ್ಳಿ. ಹಾಡಿನ ಮೊದಲಿಗೇ ಒಂದು ಶಾರ್ಪ್ ಇರುವ ಕೀ ಸಿಗ್ನೇಚರ್ ಇಟ್ಟುಬಿಟ್ಟರೆ, ಎಫ್ ಒತ್ತಿದಾಗಲೆಲ್ಲ ತೀವ್ರ ಮಧ್ಯಮವೇ ಬರುತ್ತದೆ. ಕಾಫಿ ರಾಗಕ್ಕೆ ಎರಡು ಫ್ಲ್ಯಾಟ್ ಇಟ್ಟರೆ ಗ, ನಿ ಎರಡೂ ಕೋಮಲ. ಭೈರವಿಗೆ ನಾಲ್ಕು. ಇಡೀ ಹಾಡಿನಲ್ಲಿ ಒಮ್ಮೆಯೂ ಮೈನಸ್ ಮುಟ್ಟಬೇಕಾಗಿಲ್ಲ. ಮುದ್ರಿತ ಹಾಳೆ ನೋಡಿದ ಅಂಕಲ್ ಯಮನ್ ಅನ್ನು ಜಿ ಮೇಜರ್ ಅಂದುಕೊಂಡು 'ಇದೇನು, ಹಾಡು ಜಿಯಲ್ಲಿ ಮುಗಿಯುವುದೇ ಇಲ್ಲವಲ್ಲ' ಅಂತ ಕೇಳಿದ್ದರು, ಹಾಳೆಯ ಮೇಲೆ 'ಸ ಅಂದರೆ ಸಿ' ಅಂತ ಒಂದು ಸಾಲು ಹಾಕಿದ ಮೇಲೆ ಸರಿಹೋಯಿತು. ಯಮನ್ ಅನ್ನು ಡಿ ಫ್ಲ್ಯಾಟ್‌ಗೆ ಎತ್ತಿದರೆ ಸಿಗ್ನೇಚರ್ ತಾನೇ ನಾಲ್ಕು ಫ್ಲ್ಯಾಟ್ ಆಗುತ್ತದೆ. ಭೈರವಕ್ಕೆ ಈ ಯುಕ್ತಿ ನಡೆಯುವುದಿಲ್ಲ, ರಿ ಮತ್ತು ದ ಮಾತ್ರ ಕೋಮಲ ಇರುವ ಸಿಗ್ನೇಚರ್ ಪಾಶ್ಚಾತ್ಯರಲ್ಲಿ ರೂಢಿಯಲ್ಲಿಲ್ಲ. ಮ್ಯೂಸ್‌ಸ್ಕೋರ್‌ನಲ್ಲಿ ನಮ್ಮದೇ ಸಿಗ್ನೇಚರ್ ರಚಿಸಿಕೊಳ್ಳಬಹುದು, ಆದರೆ ಓದುವವರು ಗಾಬರಿ ಬೀಳುತ್ತಾರೆ. ಅಲ್ಲಿ ನಾನು ಮೈನಸ್ ಒತ್ತುತ್ತೇನೆ.

ಇನ್ನೊಂದು ಆಸೆ ನಮ್ಮವರಿಗೆಲ್ಲ ಬಂದೇ ಬರುತ್ತದೆ. ಸಿ ಡಿ ಇ ಯಾಕೆ, ಎಸ್ ಒತ್ತಿದರೆ ಸ, ಆರ್ ಒತ್ತಿದರೆ ರಿ, ಜಿ ಒತ್ತಿದರೆ ಗ ಬರುವ ಹಾಗೆ ಮಾಡಿಕೊಂಡರೆ? ಮಾಡಬಹುದು, ಶಾರ್ಟ್‌ಕಟ್ ಪಟ್ಟಿಯಲ್ಲಿ ಸ್ವರ ಹಾಕುವ ಆಜ್ಞೆಗಳೂ ಇವೆ. ನಾನು ಎರಡು ವಾರ ಹಾಗೇ ನಡೆಸಿದೆ. ಮೊದಲನೆಯದಾಗಿ ಎಂ, ಎನ್, ಪಿ ಬಲಗಡೆಗೆ ಹೋದವು, ಎಡಗೈಗೆ ಸ್ವರ, ಬಲಗೈಗೆ ಕಾಲ ಅನ್ನುವ ಹಂಚಿಕೆಯೇ ಮುರಿಯಿತು. ಸ್ವರಗಳನ್ನು ಕಮಾನಿನಿಂದ ಬೆಸೆಯುವ ಸ್ಲರ್‌ನ ಎಸ್, ಮರುಹಾಕುವ ಆರ್, ಶುರು ಮಾಡುವ ಎನ್ ಎಲ್ಲ ಮನೆ ಬಿಟ್ಟು ಬೀದಿಗೆ ಬಂದವು. ಅದನ್ನೂ ಸಹಿಸುತ್ತಿದ್ದೆನೋ ಏನೋ. ಒಂದು ಭಾನುವಾರ ಅಂಕಲ್ ಪಕ್ಕದಲ್ಲಿ ಕೂತು ಪರದೆ ನೋಡುತ್ತಾ ತಪ್ಪು ತೋರಿಸುತ್ತಿದ್ದರು. 'ಇಲ್ಲಿ ಜಿ' ಅಂದರು. ನನ್ನ ಬೆರಳು ಜಿ ಒತ್ತಿತು, ಪರದೆಯಲ್ಲಿ ಗ, ಅಂದರೆ ಅವರ ಇ ಬಂತು. 'ಜಿ ಮ್ಯಾನ್, ಜಿ!' ಅಂದರು. ಮತ್ತೆ ಒತ್ತಿದೆ, ಮತ್ತೆ ಇ. ಡಿ ಅಂದರೆ ದ ಬಂದು ಎ ಬೀಳುತ್ತದೆ. ಅವರ ಏಳು ಅಕ್ಷರದಲ್ಲಿ ಡಿ ಮತ್ತು ಜಿ ನಮ್ಮ ಏಳು ಅಕ್ಷರದಲ್ಲೂ ಇವೆ, ಆದರೆ ಅರ್ಥ ಬೇರೆ. ಅದೇ ಸಂಜೆ ಎಲ್ಲ ಹಿಂದಿನ ಸ್ಥಿತಿಗೆ ತಂದೆ. ನೀವು ಒಬ್ಬರೇ ಕೂತು ನಿಮಗಾಗಿಯೇ ಬರೆಯುವವರಾದರೆ ಸ ರಿ ಗ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಐದು ಗೆರೆ ಓದುವವರ ಜೊತೆ ಕೂರುವವರಾದರೆ ಅಕ್ಷರಗಳನ್ನು ಮುಟ್ಟಬೇಡಿ.

ಕನ್ನಡದಲ್ಲಿ ಸಾಹಿತ್ಯ ಹಾಕುವವರಿಗೆ ಒಂದು ಹಳ್ಳ ಕಾದಿದೆ. ಮೊದಲ ಸ್ವರ ಆರಿಸಿ ಕಂಟ್ರೋಲ್ ಎಲ್ ಒತ್ತಿದರೆ ಸಾಹಿತ್ಯ ಬರೆಯಲು ಜಾಗ ತೆರೆಯುತ್ತದೆ, ಪದ ಮುಗಿದರೆ ಸ್ಪೇಸ್, ಪದದೊಳಗೆ ಅಕ್ಷರ ಒಡೆಯಲು ಹೈಫನ್, ಎರಡೂ ಮುಂದಿನ ಸ್ವರಕ್ಕೆ ಕರೆದೊಯ್ಯುತ್ತವೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಬದಲಿಸಿಕೊಂಡು ಸಾಹಿತ್ಯ ಬರೆದು ಮತ್ತೆ ಸ್ವರಕ್ಕೆ ಬಂದರೆ ಯಾವ ಕೀಯೂ ಕೆಲಸ ಮಾಡುವುದಿಲ್ಲ! ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇದೆ. ಕೆ. ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಎಫ್ ಒತ್ತಕ್ಷರ ಕೊಡಿಸುವ ಕೀ, ಇಲ್ಲಿ ಅದು ಮ. ನಾನು ಮೊದಲ ಸಲ ಸಾಫ್ಟ್‌ವೇರ್ ಕೆಟ್ಟಿತು ಅಂದುಕೊಂಡು ಲ್ಯಾಪ್‌ಟಾಪ್ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಪರದೆಯ ಬಲ ಮೂಲೆಯಲ್ಲಿ ಭಾಷೆಯ ಗುರುತು ನೋಡಿ, ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ಗೆ ಮರಳುತ್ತದೆ. ಇನ್ನೂ ಒಂದು, ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟರೂ ವಿಂಡೋಸ್ ಭಾಷೆ ಬದಲಿಸಬಹುದು. ಆದ್ದರಿಂದ ಆಲ್ಟ್ ಶಿಫ್ಟ್ ಸೇರಿದ ಶಾರ್ಟ್‌ಕಟ್ ನೀವಾಗಿ ಹೊಸದಾಗಿ ಇಟ್ಟುಕೊಳ್ಳಬೇಡಿ. ನಾನಂತೂ ಎಲ್ಲ ಸ್ವರ ಮುಗಿಸಿದ ಮೇಲೆಯೇ ಸಾಹಿತ್ಯಕ್ಕೆ ಕೈ ಹಾಕುತ್ತೇನೆ.

ಮಿಡಿ ಕೀಬೋರ್ಡ್ (ಕಂಪ್ಯೂಟರ್‌ಗೆ ಜೋಡಿಸುವ ಪಿಯಾನೋ ಥರದ ಮನೆಗಳು) ಇರುವವರ ಲೆಕ್ಕ ಬೇರೆ. ಬಲಗೈ ಅದರ ಮೇಲೆ ಸ್ವರ ಒತ್ತುತ್ತದೆ, ಎಡಗೈ ಖಾಲಿ, ಆಗ ಮೇಲಿನ ಸಾಲಿನ 3, 4, 5 ಎಡಗೈಗೆ ಸರಿಯಾಗಿ ಸಿಗುತ್ತವೆ. ಏನನ್ನೂ ಬದಲಿಸಬೇಕಾಗಿಲ್ಲ. ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಸಾರಿನ ಪಾತ್ರೆಗೇ ಜಾಗವಿಲ್ಲ, ಹಾಗಾಗಿ ನಾನು ತಂದಿಲ್ಲ.

ಬೆರಳಿಗೆ ರೂಢಿ ಆಗಬೇಕಾದರೆ ಹಾಡು ಬೇಡ, ಸರಳೆ ವರಸೆ ಟೈಪ್ ಮಾಡಿ. ನಿಜ, ಅದೇ ಸ ರಿ ಗ ಮ ಪ ದ ನಿ ಸ. ಒಂದನೇ ಕಾಲ ಕ್ರಾಚೆಟ್‌ನಲ್ಲಿ, ಎರಡನೇ ಕಾಲ ಕ್ವೇವರ್‌ನಲ್ಲಿ, ಮೂರನೇ ಕಾಲ ಸೆಮಿಕ್ವೇವರ್‌ನಲ್ಲಿ. ಬಲಗೈಗೆ ಕೆ, ಜೆ, ಯು ಮೂರೂ ಪಳಗುತ್ತವೆ. ಮಾಯಾಮಾಳವಗೌಳ ರಾಗದಲ್ಲೇ ಹಾಕಿದರೆ ಡಿ ಮತ್ತು ಎ ಬಂದಾಗ ಮೈನಸ್ ಒತ್ತುವುದೂ ಅಭ್ಯಾಸವಾಗುತ್ತದೆ. ಪ್ರತಿ ಸ್ವರ ಎರಡೆರಡು ಸಲ ಬರುವ ಜಂಟಿ ವರಸೆಗೆ ಪ್ರತಿ ಸ್ವರದ ನಂತರ ಒಂದು ಆರ್. ಮೊದಲ ವಾರ ನಾಲ್ಕೇ ಬದಲಿಸಿದ ಕೀ ಇಟ್ಟುಕೊಳ್ಳಿ, ಅವು ನೋಡದೇ ಬಂದ ಮೇಲೆ ಇನ್ನೆರಡು. ಒಟ್ಟಿಗೆ ಹತ್ತು ಬದಲಿಸಿದರೆ ಯಾವುದೂ ಕೂರುವುದಿಲ್ಲ. ನಾನು ಬೆಳಗ್ಗೆ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕ ದಿನ ತೊಡೆಯ ಮೇಲಿನ ಬ್ಯಾಗಿನ ಮೇಲೇ ಬೆರಳಾಡಿಸುತ್ತಿದ್ದೆ. ಠಾಣೆಯಲ್ಲಿ ಹತ್ತಿದವರೊಬ್ಬರು ತಬಲಾ ಕಲಿಯುತ್ತಿದ್ದೀರಾ ಅಂತ ಕೇಳಿದ್ದರು.

ಎಲ್ಲ ಹೊಂದಿಸಿದ ಮೇಲೆ ಅದೇ ಶಾರ್ಟ್‌ಕಟ್ಸ್ ಪುಟದಲ್ಲಿ ಎಕ್ಸ್‌ಪೋರ್ಟ್ ಇದೆ, ಒಂದು ಫೈಲ್ ಮಾಡಿ ನಿಮ್ಮ ಮೇಲ್‌ಗೇ ಕಳಿಸಿಕೊಳ್ಳಿ. ನಾನು ಕಳಿಸಿಕೊಂಡಿರಲಿಲ್ಲ. ಆ ಸ ರಿ ಗ ಪ್ರಯೋಗದ ಎರಡು ವಾರದ ನಡುವೆಯೇ ಒಂದು ಕಾರ್ಯಕ್ರಮ ಬಂತು, ಹಿಂದಿನ ದಿನ ನನ್ನ ಲ್ಯಾಪ್‌ಟಾಪ್ ಮನೆಯಲ್ಲೇ ಉಳಿದು, ಗುಂಪಿನ ಇನ್ನೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಕೊನೆಯ ತಿದ್ದುಪಡಿ ಮಾಡಲು ಕೂತೆ. ಅದರಲ್ಲಿ ಹಳೆಯ ಕೀಗಳು. ಒಂದು ಬಾರ್ ಆಯ್ಕೆಯಾಗಿದ್ದಾಗ ರಿ ಅಂದುಕೊಂಡು ಆರ್ ಒತ್ತಿದೆ. ಅದು ಮುಂದಿನ ಬಾರ್ ಅನ್ನು ಅಳಿಸಿ ಅದೇ ಬಾರ್ ಅನ್ನು ಇನ್ನೊಮ್ಮೆ ಇಟ್ಟಿತು. ನಾನು ನೋಡಲಿಲ್ಲ, ಪ್ರಿಂಟ್ ಆಯಿತು. ವೇದಿಕೆಯ ಮೇಲೆ ಅಕ್ಕ ಮುಂದಿನ ಸಾಲಿಗೆ ಹೋದರು, ಅಂಕಲ್ ಹಾಳೆಯಲ್ಲಿದ್ದ ಹಾಗೆ ಹಿಂದಿನ ಸಾಲನ್ನೇ ಮತ್ತೆ ನುಡಿಸಿದರು, ತಬಲಾದವರು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಚಹಾ ಕುಡಿಯುವಾಗ ಅಂಕಲ್ ಆ ಹಾಳೆಯನ್ನು ಮಡಿಸಿ ನನ್ನ ಜೇಬಿಗೆ ಹಾಕಿದರು. ಈಗಲೂ ಅದು ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿದೆ, ಅದರ ಹಿಂಬದಿಯಲ್ಲಿ ನನ್ನ ಹನ್ನೆರಡು ಕೀಗಳನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ.